ಕಾಡಿನ ಗೆರೆ ಎಲ್ಲಿದೆ ಅಂತ ಊರಿಗೂ ಗೊತ್ತಾಗಲಿ

ನಮಸ್ಕಾರ. ಭದ್ರಾ ಹುಲಿ ಮೀಸಲಿನ ಅಂಚಿನ ಊರುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. "ನಮ್ಮ ತೋಟ ಗಡಿಯೊಳಗೋ, ಹೊರಗೋ?" ಇದಕ್ಕೆ ಉತ್ತರ ಗ್ರಾಮ ಪಂಚಾಯ್ತಿಯಲ್ಲೇ ಸಿಗಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಹುಲಿ ಲೆಕ್ಕದಲ್ಲಿ ನಾವು ಬಹಳ ಮುಂದಿದ್ದೇವೆ. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದ ಎಲ್ಲ ಹುಲಿ ಕಾಡುಗಳಲ್ಲಿ ಗಣತಿ ನಡೆಯುತ್ತದೆ. ಕ್ಯಾಮೆರಾಗೆ ಸಿಕ್ಕ ಪಟ್ಟೆ ನೋಡಿ ಇದು ಇಂಥದೇ ಹುಲಿ ಅಂತ ಗುರುತು ಹಿಡಿಯುತ್ತಾರೆ. ಗಾರ್ಡ್ ಗಸ್ತು ತಿರುಗಿದ ದಾರಿ ಎಂ-ಸ್ಟ್ರೈಪ್ಸ್ ಆ್ಯಪ್‌ನಲ್ಲಿ ದಾಖಲಾಗುತ್ತದೆ. ಅಷ್ಟು ಶ್ರದ್ಧೆ ಗಡಿಯ ವಿಷಯದಲ್ಲೂ ಬೇಕಲ್ವಾ?

ತೊಡಕು ಎಲ್ಲಿದೆ ನೋಡಿ. ಹಳೆಯ ಅಧಿಸೂಚನೆಗಳಲ್ಲಿ ಗಡಿಯನ್ನು ಹಳ್ಳ, ಗುಡ್ಡದ ನೆತ್ತಿ, ರಸ್ತೆ ಹಿಡಿದು ಮಾತಿನಲ್ಲಿ ಬರೆದಿರುತ್ತಾರೆ. ರೈತನ ಕೈಯಲ್ಲಿರುವುದು ಪಹಣಿ, ಸರ್ವೆ ನಂಬರ್. ಇವೆರಡನ್ನೂ ಒಂದೇ ನಕ್ಷೆಗೆ ತರುವಾಗ ಎಡವಟ್ಟಾಗುತ್ತದೆ. 1:50,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಗೆರೆ ಎಳೆದ ಪೆನ್ಸಿಲ್ ಸ್ವಲ್ಪ ದಪ್ಪಗಿದ್ದರೂ ಸಾಕು, ಕಾಫಿ ಒಣಗಿಸುವ ಕಣ, ಕೆಲಸದವರ ಲೈನ್ ಮನೆ, ಅರ್ಧ ತೋಟ ಎಲ್ಲ ಆ ಗೆರೆಯ ಅಡಿಗೇ ಬೀಳುತ್ತವೆ. ಇಂಥ ಕಡೆ ಕಂಪ್ಯೂಟರ್ ಮುಂದೆ ಕೂತು ತೀರ್ಮಾನಿಸಿದರೆ ಆಗುವುದಿಲ್ಲ. ಅರಣ್ಯ ಇಲಾಖೆ, ಕಂದಾಯ ಇಲಾಖೆ ಇಬ್ಬರೂ ಊರವರ ಜೊತೆ ನಡೆದು, ಗಡಿ ಕಲ್ಲು ಇರುವ ಕಡೆ ಜಿಪಿಎಸ್ ಇಟ್ಟು ನೋಡಬೇಕು.

2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅಭಯಾರಣ್ಯಗಳ ಸುತ್ತ ಕೆಲವು ಚಟುವಟಿಕೆಗಳಿಗೆ ಕಡಿವಾಣ ಇರುವ ಪರಿಸರ ಸೂಕ್ಷ್ಮ ವಲಯ ಕನಿಷ್ಠ ಒಂದು ಕಿಲೋಮೀಟರ್ ಇರಬೇಕು ಅಂದಿತು. ಮರುವರ್ಷ ಏಪ್ರಿಲ್‌ನಲ್ಲಿ ಆ ಆದೇಶವನ್ನು ಸಡಿಲಿಸಿತು. ದೂರ ಎಷ್ಟೇ ಇರಲಿ, ಅಳೆಯುವುದು ಎಲ್ಲಿಂದ? ಆ ಎಲ್ಲಿಂದ ಅನ್ನುವುದು ಗೊತ್ತಿಲ್ಲದ ಕಡೆ ಸುಮ್ನೆ ಗಾಳಿಸುದ್ದಿ ಹಬ್ಬುತ್ತದೆ. ಕಾಡನ್ನು ಪ್ರೀತಿಸುವ ರೈತನೂ ಇಲಾಖೆ ಹೆಸರು ಕೇಳಿದರೆ ಬೆಚ್ಚುತ್ತಾನೆ. ಇದರಿಂದ ಜಾಸ್ತಿ ನಷ್ಟ ಆಗುವುದು ಕಾಡಿಗೇ.

ಹಾಗಂತ ಎಲ್ಲ ಮಾಹಿತಿಯನ್ನೂ ಬಯಲಿಗಿಡಿ ಅಂತ ನಾನು ಹೇಳುತ್ತಿಲ್ಲ. ಕ್ಯಾಮೆರಾ ಕಟ್ಟಿದ ಮರ, ಹುಲಿ ಮರಿ ಹಾಕಿದ ಜಾಗ ಬೇಟೆಗಾರರ ಕೈಗೆ ಸಿಗಲೇಬಾರದು. ಸಕಲೇಶಪುರ, ಆಲೂರು ಕಡೆಯ ಕಾಡಾನೆಗಳ ವಿಷಯ ಬೇರೆ. ಅವು ಅಭಯಾರಣ್ಯದೊಳಗಲ್ಲ, ಕಾಫಿ ತೋಟಗಳಲ್ಲೇ ದಿನ ಕಳೆಯುತ್ತವೆ. ಬೆಳಗ್ಗೆ ಕೆಲಸಕ್ಕೆ ಹೊರಟ ಹೆಂಗಸಿಗೆ ಆನೆ ಯಾವ ಊರಿನ ಹತ್ತಿರ ಇದೆ ಅಂತ ಫೋನಿಗೆ ಬಂದರೆ ಸಾಕು. ಆನೆಯ ಕುತ್ತಿಗೆಗೆ ಕಟ್ಟಿದ ರೇಡಿಯೋ ಕಾಲರ್ ತೋರಿಸುವ ಕರಾರುವಾಕ್ಕಾದ ಜಾಗ ಸಿಬ್ಬಂದಿಯ ಹತ್ತಿರವೇ ಇರಲಿ.

ಗಡಿಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಸರ್ವೆ ನಂಬರ್ ಸಮೇತ, ಕನ್ನಡದಲ್ಲಿ, ದಿನಾಂಕ ಹಾಕಿ ಅದನ್ನು ಪಂಚಾಯ್ತಿ ಗೋಡೆಗೆ ಹಚ್ಚಿ. ತಕರಾರು ಇದ್ದವರಿಗೆ ಬರೆದುಕೊಡಲು ಅವಕಾಶ ಕೊಡಿ. ತಿದ್ದಿದರೆ ಯಾವಾಗ, ಯಾಕೆ ತಿದ್ದಿದ್ದು ಅಂತ ಅದೇ ನಕ್ಷೆಯ ಕೆಳಗೆ ಬರೆಯಿರಿ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಈ ನಕ್ಷೆ ಕೊಡಿ ಅಂತ ಕೇಳಿ, ಅರ್ಜಿ ಕೊಟ್ಟು ಹಿಂಬರಹ, ಅಂದರೆ ಲಿಖಿತ ಉತ್ತರ ಪಡೆಯಿರಿ.