ಗುಳೆ ಹೋದ ಮನೆಯ ಕಡತ

ಮಾನ್ಯರೇ, ಸಮಾಜಕಾರ್ಯದ ವಿದ್ಯಾರ್ಥಿಗಳೇ,

ರಾಯಚೂರು ಜಿಲ್ಲೆಯಲ್ಲಿ ಪ್ರಕರಣ ನಿರ್ವಹಣೆಗೆ, ಅಂದರೆ ಒಂದೊಂದು ಕುಟುಂಬದ ಕಡತ ತೆರೆದು ಅದರ ಬೆನ್ನಿಗೆ ನಿಲ್ಲುವ ಕೆಲಸಕ್ಕೆ, ಇಳಿದವರು ಮೊದಲು ತಿಳಿಯಬೇಕಾದದ್ದು ಗುಳೆಯ, ಅಂದರೆ ದುಡಿಮೆ ಹುಡುಕಿ ಊರು ಬಿಡುವ ಕಾಲವನ್ನು. ಕಾಲುವೆ ನೀರು ಹರಿಯುವ ಸಿಂಧನೂರಿನ ಭತ್ತದ ಗದ್ದೆಗಳ ಲೆಕ್ಕವೇ ಬೇರೆ. ದೇವದುರ್ಗ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹೊಲಗಳನ್ನೇ ನಂಬಿದ ಅನೇಕ ಮನೆಗಳು ದೀಪಾವಳಿ ಮುಗಿಯುತ್ತಿದ್ದಂತೆ ಗಂಟುಮೂಟೆ ಕಟ್ಟುತ್ತವೆ. ನಮ್ಮ ಕಡತ ಮಾತ್ರ ತಾಲ್ಲೂಕು ಕೇಂದ್ರದ ಕಪಾಟಿನಲ್ಲಿಯೇ ಉಳಿಯುತ್ತದೆ.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ವರ್ಷದ ಹೆಣ್ಣುಮಗುವಿನ ತೋಳಿಗೆ ಅಂಗನವಾಡಿ ಕಾರ್ಯಕರ್ತೆ ಅಳತೆ ಪಟ್ಟಿ ಸುತ್ತಿದಾಗ ಅದು ಕೆಂಪಿನಲ್ಲಿ ನಿಂತಿತು. ಅಂದರೆ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ, ತೀವ್ರ ಅಪೌಷ್ಟಿಕತೆಯ ಗುರುತು. ಮಗುವಿನೊಂದಿಗೆ ತಾಯಿಯೂ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಇರಬೇಕಿತ್ತು. ಅವರು ಒಪ್ಪಿದ್ದರು. ಆದರೆ ಮನೆಯವರು ಕೂಲಿಗೆ ಜನರನ್ನು ಕರೆದೊಯ್ಯುವ ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದಾಗಿತ್ತು. ನಾನು ಮತ್ತೆ ಹೋದಾಗ ಬಾಗಿಲಿಗೆ ಬೀಗ ಬಿದ್ದಿತ್ತು, ಅಂಗಳಕ್ಕೆ ದನ ನುಗ್ಗದಂತೆ ಜಾಲಿಮುಳ್ಳು ಅಡ್ಡ ಹಾಕಿದ್ದರು. "ಬೆಂಗಳೂರಿಗೆ ದುಡಿಯಾಕ ಹೋಗ್ಯಾರ್ರೀ, ಯಾವ ಕಡೆ ಅಂತ ನಮಗೇನ್ ಗೊತ್ತು" ಎಂದರು ಪಕ್ಕದ ಮನೆಯ ಅಜ್ಜಿ. "ಕುಟುಂಬ ಲಭ್ಯವಿಲ್ಲ" ಎಂದು ಕಡತದಲ್ಲಿ ಬರೆದು ಬಂದೆ. ಆ ಮಾತನ್ನು ಬರೆದದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ, ಏಕೆಂದರೆ ಮೇಸ್ತ್ರಿ ಅದೇ ಊರಿನವನಾಗಿದ್ದ, ಅವನ ಫೋನ್ ನಂಬರನ್ನು ನಾನು ಕೇಳಿರಲೇ ಇಲ್ಲ.

ಕಾನೂನು ಕೂಡ ಇವರನ್ನು ಸರಿಯಾಗಿ ಕಂಡಿಲ್ಲ. 1979ರಲ್ಲಿ ಬಂದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರನ್ನು ಕುರಿತದ್ದಾದ್ದರಿಂದ, ದೇವದುರ್ಗದಿಂದ ಬೆಂಗಳೂರಿಗೆ ಹೋದವರು ಅದರ ಲೆಕ್ಕಕ್ಕೆ ಬರಲೇ ಇಲ್ಲ.

ಬಾಲ್ಯವಿವಾಹದ ಪ್ರಕರಣಗಳಲ್ಲಿ ಇದೇ ತೊಡಕು ಇನ್ನೂ ಬಿಗಿಯಾಗುತ್ತದೆ. ಅಧಿಕಾರಿಗಳು ಮದುವೆ ನಿಲ್ಲಿಸಿ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು ಹಿಂದಿರುಗುತ್ತಾರೆ. ಹುಡುಗಿಗೆ 15 ವರ್ಷವಾಗಿದ್ದರೆ 18 ತುಂಬುವವರೆಗೆ ಮೂರು ಗುಳೆಗಳು ಬಂದುಹೋಗುತ್ತವೆ. ಬೆಳೆದ ಮಗಳನ್ನು ಊರಲ್ಲಿ ಯಾರ ನೆರಳಲ್ಲಿ ಬಿಡುವುದು, ಕಟ್ಟಡದ ಶೆಡ್ಡಿಗೆ ಹೇಗೆ ಕರೆದೊಯ್ಯುವುದು ಎಂಬ ಭಯದಿಂದಲೇ ಎಷ್ಟೋ ಮದುವೆಗಳು ನಿಶ್ಚಯವಾಗುತ್ತವೆ. ದೀಪಾವಳಿಗೆ ಮೊದಲೇ ಹಾಸ್ಟೆಲ್ಲಿನಲ್ಲಿ ಒಂದು ಸೀಟು ಕೊಡಿಸಿದರೆ ಅದು ಹತ್ತು ಮುಚ್ಚಳಿಕೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಥ ಮನೆಗೆ ಇಲಾಖೆಯ ಜೀಪಿನಲ್ಲಿ ಹೋಗಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಜೀಪು ನಿಂತ ಮನೆಯ ಗುಟ್ಟು ಸಂಜೆಯೊಳಗೆ ಊರ ಕಟ್ಟೆಯ ಮೇಲಿರುತ್ತದೆ.

ಈಗ ನನ್ನ ಕಡತಗಳ ಮೊದಲ ಪುಟದಲ್ಲಿ ಮೂರು ವಿವರಗಳಿರುತ್ತವೆ: ಕುಟುಂಬ ಯಾವ ತಿಂಗಳು ಹೊರಡುತ್ತದೆ, ಯಾವ ಮೇಸ್ತ್ರಿಯ ಜೊತೆ, ಊರಲ್ಲಿ ಉಳಿಯುವವರು ಯಾರು. ಆ ಮಗುವಿನ ತಂದೆತಾಯಿಯ ಸುಳಿವು ಸಿಕ್ಕಿದ್ದೂ ಕೊನೆಗೆ ಮೇಸ್ತ್ರಿಯ ಮೂಲಕವೇ. ಅವರಿದ್ದ ಶೆಡ್ಡಿಗೆ ಹತ್ತಿರದ ಅಂಗನವಾಡಿಯ ಕಾರ್ಯಕರ್ತೆಯೊಬ್ಬರು, ತಮ್ಮ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ, ಮಗುವನ್ನು ನೋಡಿಕೊಳ್ಳಲು ಒಪ್ಪಿದರು. ಯುಗಾದಿಗೆ ಅವರು ಊರಿಗೆ ಬಂದಾಗ ನಾನೇ ಪಟ್ಟಿ ಸುತ್ತಿ ನೋಡಿದೆ: 12 ಸೆಂಟಿಮೀಟರ್, ಹಳದಿ. ಹಸಿರಿಗೆ ಇನ್ನೂ ಅರ್ಧ ಸೆಂಟಿಮೀಟರ್ ಬಾಕಿಯಿತ್ತು. ಅವರು ಮತ್ತೆ ಹೊರಡಲು ಹತ್ತು ದಿನವಿತ್ತು.