ಲೆಕ್ಕಕ್ಕುಂಟು, ಆಟಕ್ಕಿಲ್ಲ

ನಮಸ್ಕಾರ. ಎಲ್ಲರೂ ಚೆನ್ನಾಗಿದ್ದೀರಾ? ಹೋದ ವಾರ ನನ್ನ ಮಾತಿಗಿಂತ ಮಳೆ ಸದ್ದೇ ಜಾಸ್ತಿ ಕೇಳಿಸಿತು ಅಂತ ತುಂಬಾ ಜನ ಬೈದಿದ್ದೀರಿ. ಹೆಂಚಿನ ಮನೆ ಸ್ವಾಮಿ, ಸ್ಟುಡಿಯೋ ಅಲ್ಲ. ಈ ಸಲ ಕಿಟಕಿಗೆ ಕಂಬಳಿ ಕಟ್ಟಿದ್ದೇನೆ. ಸೆಕೆಯಲ್ಲಿ ಬೇಯುತ್ತಿದ್ದೇನೆ. ಅದಕ್ಕಾದರೂ ಒಂದು ಲೈಕ್ ಕೊಡಿ.

ಇವತ್ತು ಜೋಗದ ಪಾರ್ಕಿಂಗ್ ಬಗ್ಗೆ ಮಾತಾಡಬೇಕು ಅಂತಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಯಾಕೆಂದರೆ ಭಾನುವಾರ ತೀರ್ಥಹಳ್ಳಿ ಕಡೆ ಒಂದು ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕಕ್ಕೆ ಒಬ್ಬರು ಯಜಮಾನರು ಕೂತಿದ್ದರು. "ನಿಮ್ಮ ಚಾನೆಲ್ ನೋಡ್ತೀನಿ" ಅಂದರು. ಖುಷಿಯಾಯಿತು. ಆಮೇಲೆ ಅಂದರು: "ಅದೇನ್ರೀ, ಯಾವಾಗ ನೋಡಿದ್ರೂ ಕೊರೊನಾದಲ್ಲಿ ಮಕ್ಕಳ ಆಟ ಹೋಯ್ತು, ಆಟ ಹೋಯ್ತು ಅಂತೀರಿ. ಎರಡು ವರ್ಷ ಚೆಂಡು ಒದೀದಿದ್ರೆ ಏನು ಮುಳುಗಿ ಹೋಯ್ತು?"

ನನ್ನ ಬಾಯಲ್ಲಿ ಹೋಳಿಗೆ ಇತ್ತು. ಮೇಲೆ ತುಪ್ಪ. ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ನುಂಗಿ ಮುಗಿಸುವಷ್ಟರಲ್ಲಿ ಅವರು ಕೈ ತೊಳೆಯಲು ಎದ್ದಿದ್ದರು. ನಾಲ್ಕು ದಿನದಿಂದ ಆ ಉತ್ತರ ಹೊಟ್ಟೆಯಲ್ಲೇ ಇದೆ. ಇವತ್ತು ಹೊರಗೆ ಬರಲಿ.

ಏನು ಮುಳುಗಿ ಹೋಯಿತು ಅಂತ ಕೇಳಿದಿರಲ್ಲ ಯಜಮಾನರೆ, ವಯಸ್ಸು ಮುಳುಗಿ ಹೋಯಿತು. 2020ರ ಮಾರ್ಚ್‌ನಲ್ಲಿ ಬಸ್ಸು ನಿಂತಿತು, ಸಂತೆ ನಿಂತಿತು, ದೇವಸ್ಥಾನದ ಬಾಗಿಲು ಹಾಕಿದರು. ಹುಟ್ಟಿದ ತಾರೀಖು ಮಾತ್ರ ನಿಲ್ಲಲಿಲ್ಲ. 17 ವರ್ಷದೊಳಗಿನವರ ಟೂರ್ನಿ ಅಂದರೆ 17 ವರ್ಷದೊಳಗೆ. ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತಿದ್ದರೂ ಹುಡುಗನಿಗೆ ವಯಸ್ಸಾಗುತ್ತದೆ. ಚಿಕ್ಕಂದಿನಲ್ಲಿ ನಾವು ಆಡುವಾಗ ಪುಟ್ಟ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳುತ್ತಿದ್ದೆವು? ಆಟಕ್ಕುಂಟು ಲೆಕ್ಕಕ್ಕಿಲ್ಲ. ಈ ಮಕ್ಕಳಿಗೆ ಆದದ್ದು ಅದರ ಉಲ್ಟಾ. ಆ ಎರಡು ವರ್ಷ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇದೊಂದೇ ನನ್ನ ಮಾತು. ಇವತ್ತು ಪೂರ್ತಿ ಇದನ್ನೇ ಹೇಳುತ್ತೇನೆ. ಬೇಜಾರಾದವರು ಹಿಂದಿನ ಎಪಿಸೋಡ್ ನೋಡಿ, ಅದರಲ್ಲಿ ಕೊಟ್ಟೆಕಡುಬು ಇದೆ.

ಅಮೆರಿಕದ ಕತೆ ಕೇಳಿ. ಅಲ್ಲಿ ಕಾಲೇಜು ಫುಟ್ಬಾಲ್ ಅಂದರೆ ನಮ್ಮ ಫುಟ್ಬಾಲ್ ಅಲ್ಲ. ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ. ಕಾಲಿಗಿಂತ ಕೈಗೇ ಕೆಲಸ ಜಾಸ್ತಿ, ಆದರೂ ಹೆಸರು ಫುಟ್ಬಾಲ್. ಇರಲಿ, ಅವರಿಷ್ಟ. ಅಲ್ಲಿ ಕಾಲೇಜು ಟೀಮಿಗೆ ಹುಡುಗರನ್ನು ಆರಿಸುವುದು ಅಂದರೆ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಕೋಚ್ ಹೈಸ್ಕೂಲಿಗೆ ಹೋಗಿ ಆಟ ನೋಡುತ್ತಾರೆ. ಮನೆಗೆ ಹೋಗಿ ಅಪ್ಪ ಅಮ್ಮನ ಹತ್ತಿರ ಮಾತಾಡುತ್ತಾರೆ. ಒಪ್ಪಿಗೆಯಾದರೆ ಸ್ಕಾಲರ್‌ಶಿಪ್, ಓದಿನ ಖರ್ಚು ಕಾಲೇಜಿನದ್ದು. 2020ರ ಮಾರ್ಚ್‌ನಲ್ಲಿ ಇದೆಲ್ಲಾ ನಿಂತಿತು. ದೊಡ್ಡ ಕಾಲೇಜುಗಳ ಕೋಚ್‌ಗಳು 2021ರ ಮೇ ಕೊನೆವರೆಗೆ ಯಾವ ಹುಡುಗನನ್ನೂ ಎದುರಿಗೆ ಕೂತು ಮಾತಾಡಿಸುವ ಹಾಗಿರಲಿಲ್ಲ. ಬರೀ ಫೋನು, ವಿಡಿಯೋ.

ಸೀಸನ್ನೂ ಅಷ್ಟೇ, ಗೊಂದಲವೋ ಗೊಂದಲ. ಬಿಗ್ ಟೆನ್ ಅಂತ ಅಲ್ಲೊಂದು ಕಾಲೇಜುಗಳ ಕೂಟ. ಹೆಸರು ಟೆನ್, ಆಗ ಅದರಲ್ಲಿ ಇದ್ದದ್ದು 14 ಕಾಲೇಜು. ಲೆಕ್ಕದ ಮೇಷ್ಟ್ರು ಯಾರೋ ಗೊತ್ತಿಲ್ಲ. ಅವರು ಆಗಸ್ಟ್ 11ಕ್ಕೆ ಆಟ ಇಲ್ಲ ಅಂದರು, ಸೆಪ್ಟೆಂಬರ್ 16ಕ್ಕೆ ಇದೆ ಅಂದರು. ನಮ್ಮೂರ ಕೊನೇ ಬಸ್ಸಿನ ಹಾಗೆ, ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.

ಆದರೆ ಅಷ್ಟು ಗೊಂದಲದಲ್ಲೂ ಒಂದು ಕೆಲಸ ಮಾಡಿದರು. ಅಲ್ಲಿ ಒಬ್ಬ ಹುಡುಗ ಕಾಲೇಜು ಟೀಮಿಗೆ ಇಂತಿಷ್ಟೇ ವರ್ಷ ಆಡಬಹುದು ಅಂತ ಲೆಕ್ಕ ಇದೆ. ಅಲ್ಲಿಯ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಅದೇ 2020ರ ಆಗಸ್ಟ್‌ನಲ್ಲಿ ಹೇಳಿತು: ಈ ಸೀಸನ್ ಯಾರ ಲೆಕ್ಕಕ್ಕೂ ಇಲ್ಲ, ಆಡಿದವನಿಗೂ ಇಲ್ಲ, ಆಡದವನಿಗೂ ಇಲ್ಲ, ಎಲ್ಲರಿಗೂ ಇನ್ನೊಂದು ವರ್ಷ. ಆಟಕ್ಕುಂಟು, ಲೆಕ್ಕಕ್ಕಿಲ್ಲ! ಕನ್ನಡ ಗೊತ್ತಿಲ್ಲದವರು ನಮ್ಮ ಗಾದೆಯನ್ನು ಕಾನೂನು ಮಾಡಿದರು. ಗಾದೆ ಹುಟ್ಟಿಸಿದವರು ನಾವು ಸುಮ್ನೆ ಕೂತೆವು.

ಈಗ ಒಬ್ಬರು ಬಂದೇ ಬರುತ್ತಾರೆ. "ಸರ್, ಅಲ್ಲಿ ಹಳಬರಿಗೆ ಇನ್ನೊಂದು ವರ್ಷ ಕೊಟ್ಟದ್ದಕ್ಕೆ ಹೈಸ್ಕೂಲು ಮುಗಿಸಿದ ಹೊಸ ಹುಡುಗರಿಗೆ ಜಾಗವೇ ಸಿಗಲಿಲ್ಲ." ಹೌದು, ಇಕ್ಕಟ್ಟಾಯಿತು. ಸಾಗರದ ಬಸ್ಸಿನಲ್ಲಿ ಇಕ್ಕಟ್ಟು ಅಂತ ಆನಂದಪುರದಲ್ಲಿ ಹತ್ತಿದವರನ್ನು ಇಳಿಸುತ್ತಾರಾ? "ಸ್ವಲ್ಪ ಒಳಗೆ ಹೋಗ್ರಿ" ಅನ್ನುತ್ತಾರೆ. ಮುಗೀತು.

ಅಮೆರಿಕ ದೂರ ಆಯಿತು ಅಂದರೆ ನಮ್ಮ ಕಾಲ್ಚೆಂಡಿನ ಫುಟ್ಬಾಲನ್ನು ಜಗತ್ತಿಗೆಲ್ಲ ನಡೆಸುವ ಫಿಫಾ ತಗೊಳ್ಳಿ. ಟೋಕಿಯೊ ಒಲಿಂಪಿಕ್ಸ್ 2020ರಲ್ಲಿ ಆಗಬೇಕಿತ್ತು, 2021ಕ್ಕೆ ಹೋಯಿತು. ಗಂಡಸರ ಫುಟ್ಬಾಲಿಗೆ 23 ವರ್ಷದ ಮಿತಿ. ಒಂದು ವರ್ಷ ತಡವಾದರೆ ಹುಡುಗರಿಗೆ 24 ಆಗುತ್ತದೆ. ಏನು ಮಾಡಿದರು? 1997ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಅಂತಿದ್ದ ಮಿತಿಯನ್ನು ಹಾಗೇ ಉಳಿಸಿದರು. 24 ಆದವರೂ ಆಡಿದರು. ಭೂಮಿ ಬಾಯಿ ಬಿಟ್ಟಿತಾ? ಇಲ್ಲ. ಬ್ರೆಜಿಲ್ ಗೆದ್ದಿತು, ಅಷ್ಟೇ.

ಈಗ ಅದೇ ಫಿಫಾ, ಅದೇ ಕೊರೊನಾ. 17 ವರ್ಷದೊಳಗಿನ ಹೆಣ್ಣುಮಕ್ಕಳ ವಿಶ್ವಕಪ್ 2020ರಲ್ಲಿ ನಮ್ಮ ದೇಶದಲ್ಲೇ ಆಗಬೇಕಿತ್ತು. ಮೊದಲು 2021ಕ್ಕೆ ಮುಂದೂಡಿದರು, ಆಮೇಲೆ ರದ್ದು ಮಾಡಿ 2022ರದ್ದನ್ನು ನಿಮಗೇ ಕೊಡುತ್ತೇವೆ ಅಂದರು. ಕೊಟ್ಟರು. ಆದರೆ ಮೊದಲನೆಯದಕ್ಕೆ 2003ರಲ್ಲಿ ಹುಟ್ಟಿದವರು ಆಡಬಹುದಿತ್ತು. 2022ರದ್ದಕ್ಕೆ 2005ರಲ್ಲಿ ಅಥವಾ ಆಮೇಲೆ ಹುಟ್ಟಿರಬೇಕು. ಹಾಗಾದರೆ 2003, 2004ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು? ಕ್ಯಾಂಪಿನಲ್ಲಿ ಬೆವರು ಸುರಿಸಿದವರು? ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದರು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಸ್ವಲ್ಪ ತಡೀರಿ, ನೀರು ಕುಡಿಯುತ್ತೇನೆ. ಈ ಮಧ್ಯೆ ಒಂದು ಮಾತು. ನಮ್ಮ ಮನೆಯಾಕೆ ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ. ಹೊಳೆದಂಡೆಯ ಮರದ್ದು, ಭರಣಿ ಬಾಯಿ ಬಿಚ್ಚಿದರೆ ಪರಿಮಳ ಆಚೆ ಮನೆಗೆ ಹೋಗುತ್ತದೆ. ಬೇಕಾದವರು ಮೆಸೇಜ್ ಮಾಡಿ. ಹೋದ ವರ್ಷ ಸಾಲ ಹೇಳಿದವರು ದಯವಿಟ್ಟು ಮಾಡಬೇಡಿ.

ಸರಿ, ಊರಿನ ಕತೆಗೆ ಬರುತ್ತೇನೆ. ಹೊಸನಗರ ಕಡೆ ನಮ್ಮ ಅಜ್ಜನ ಮನೆ ಹತ್ತಿರ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ, ನಾಚಿಕೆ ಸ್ವಭಾವ. 2005ರಲ್ಲಿ ಹುಟ್ಟಿದವನು. ಗೋಲ್‌ಕೀಪರ್. ನಮ್ಮ ಕಡೆ ಕಬಡ್ಡಿ, ವಾಲಿಬಾಲ್ ಆಡುವವರೇ ಜಾಸ್ತಿ, ಇವನಿಗೆ ಮಾತ್ರ ಫುಟ್ಬಾಲಿನ ಹುಚ್ಚು. ನಾನು ಊರಿಗೆ ಹೋದಾಗ ಸಂಜೆ ಅಡಿಕೆ ಒಣಗಿಸುವ ಅಂಗಳದಲ್ಲಿ ಅವನಿಗೆ ಚೆಂಡು ಒದೆಯುತ್ತಿದ್ದೆ. ನೂರು ಒದ್ದರೆ ತೊಂಬತ್ತು ಹಿಡಿಯುತ್ತಿದ್ದ. ಉಳಿದ ಹತ್ತು ತೋಟಕ್ಕೆ ಹೋಗುತ್ತಿತ್ತು. ಅದು ನನ್ನ ಕಾಲಿನ ತಪ್ಪು.

ಒಂಬತ್ತನೇ ಕ್ಲಾಸಿನಲ್ಲಿ ತಾಲೂಕು ದಾಟಿ ಜಿಲ್ಲಾ ಮಟ್ಟಕ್ಕೆ ಹೋದ. ಮಳೆಗಾಲದ ಮ್ಯಾಚು ಹೇಗಿರುತ್ತದೆ ಗೊತ್ತಲ್ಲ, ಅರ್ಧ ಮೈದಾನದಲ್ಲಿ ಚೆಂಡು ಉರುಳುತ್ತದೆ, ಅರ್ಧದಲ್ಲಿ ತೇಲುತ್ತದೆ. ಅಲ್ಲಿ ಸೋತರು. ಪಿಟಿ ಮೇಷ್ಟ್ರು ಬೆನ್ನು ತಟ್ಟಿ, "ಮುಂದಿನ ವರ್ಷ ನಿಂದು ಕಣೋ" ಅಂದರು. ಮುಂದಿನ ವರ್ಷ ಅಂದರೆ 2020.

ಪಾಠಕ್ಕೆ ಆನ್‌ಲೈನ್ ಕ್ಲಾಸ್ ಬಂತು. ನೆಟ್‌ವರ್ಕ್‌ಗಾಗಿ ಛತ್ರಿ ಹಿಡಿದು ಗುಡ್ಡ ಹತ್ತಿದ. ಪಾಠಕ್ಕೆ ವಿದ್ಯಾಗಮ ಬಂತು, ಮೇಷ್ಟ್ರುಗಳು ದೇವಸ್ಥಾನದ ಜಗುಲಿಯಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಆಟಕ್ಕೆ ಯಾವ ಗಮವೂ ಬರಲಿಲ್ಲ. ಅವನ ಬೂಟಿಗೆ ಬೂಸ್ಟು ಹಿಡಿಯುತ್ತದೆ ಅಂತ ಅವನಮ್ಮ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. 2021ರ ಜನವರಿಯಲ್ಲಿ ಹತ್ತನೇ ಕ್ಲಾಸಿಗೆ ಶಾಲೆ ತೆರೆಯಿತು. ನಾನು ಅವತ್ತು ಅಲ್ಲೇ ಇದ್ದೆ. ಬೂಟು ಕೆಳಗಿಳಿಸಿದ. ಹೊಗೆ ವಾಸನೆ, ಲೇಸು ಕಪ್ಪಾಗಿತ್ತು. ಕಾಲು ತೂರಿಸಿದ. ಹಿಮ್ಮಡಿ ಹೊರಗೇ ಉಳಿಯಿತು. 7 ನಂಬರಿನ ಬೂಟು, ಕಾಲು 9 ಆಗಿತ್ತು. "ಹೋಗ್ತಾ ಇಲ್ಲ ಅಣ್ಣ" ಅಂತ ನಕ್ಕ. ನಕ್ಕನಲ್ಲ, ಅದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

ಬೂಟು ತಮ್ಮನಿಗೆ ಹೋಯಿತು. ಆ ವರ್ಷವೂ ಟೂರ್ನಿ ಇಲ್ಲ. ಶಾಲಾ ಮಕ್ಕಳ ಫುಟ್ಬಾಲ್ ಟೂರ್ನಿ ಸುಬ್ರತೋ ಕಪ್ ಇದೆಯಲ್ಲ, 1960ರಿಂದ ನಡೆಯುತ್ತಿರುವುದು, ಅದೇ 2020ರಲ್ಲೂ ಇಲ್ಲ, 2021ರಲ್ಲೂ ಇಲ್ಲ. 2022ಕ್ಕೆ ಮತ್ತೆ ಶುರುವಾಯಿತು. ಅಷ್ಟು ಹೊತ್ತಿಗೆ ಇವನ ವಯಸ್ಸು ದಾಟಿತ್ತು. ಸೆಕೆಂಡ್ ಪಿಯುಸಿ. ಸ್ಪೋರ್ಟ್ಸ್ ಕೋಟಾಕ್ಕೆ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಟೂರ್ನಿ ಬೇಕು, ಟೂರ್ನಿಗೆ ವಯಸ್ಸು ಬೇಕು. ಯಾರನ್ನು ಕೇಳುವುದು?

ಪರೀಕ್ಷೆಗೆ ಏನು ಮಾಡಿದರು ನೆನಪಿದೆಯಾ? 2021ರ ಎಸ್ಸೆಸ್ಸೆಲ್ಸಿ, ಆರು ವಿಷಯ ಎರಡೇ ದಿನ, ಉತ್ತರಕ್ಕೆ ಗುಂಡಗೆ ಕಪ್ಪು ಮಾಡಿದರೆ ಆಯಿತು. ಆ ವರ್ಷದ ಸೆಕೆಂಡ್ ಪಿಯುಸಿಗೆ ಪರೀಕ್ಷೆಯೇ ಇಲ್ಲ, ಹತ್ತನೇ ಕ್ಲಾಸು ಮತ್ತು ಫಸ್ಟ್ ಪಿಯುಸಿ ಅಂಕ ಕೂಡಿಸಿ ಪಾಸು ಮಾಡಿದರು. ತಪ್ಪಲ್ಲ, ಸರಿಯೇ. ಆದರೆ ಪರೀಕ್ಷೆಗೆ ಒಂದು ದಾರಿ ಹುಡುಕಿದ ತಲೆಗಳಿಗೆ ಆಟಕ್ಕೆ ಒಂದು ವರ್ಷ ಸೇರಿಸಬೇಕು ಅಂತ ಹೊಳೆಯಲಿಲ್ಲವಾ? ಸೈನ್ಯಕ್ಕೆ ಹೊಳೆಯಿತಲ್ಲ! 2022ರಲ್ಲಿ ಅಗ್ನಿಪಥ ಬಂದಾಗ, ಎರಡು ವರ್ಷ ಭರ್ತಿ ಆಗಿಲ್ಲ ಅಂತ ವಯಸ್ಸಿನ ಮಿತಿಯನ್ನು 21ರಿಂದ 23ಕ್ಕೆ ಏರಿಸಿದರು, ಆ ಒಂದು ಸಲಕ್ಕೆ. ಬಂದೂಕು ಹಿಡಿಯಲು ಎರಡು ವರ್ಷ ರಿಯಾಯಿತಿ ಇದೆ, ಚೆಂಡು ಹಿಡಿಯಲು ಇಲ್ಲ.

"ಜೀವಕ್ಕಿಂತ ಆಟ ದೊಡ್ಡದಾ?" ಅನ್ನುವವರು ಇನ್ನೊಂದು ಜಾತಿ. ಮಾರಾಯರೆ, ಕಾಯಿಲೆ ಬಗ್ಗೆ ಮಲೆನಾಡಿನವರಿಗೆ ಪಾಠ ಮಾಡಬೇಡಿ. ಮಂಗನ ಕಾಯಿಲೆ ಜಗತ್ತಿಗೆ ಗೊತ್ತಾದದ್ದೇ 1957ರಲ್ಲಿ, ನಮ್ಮ ಸೊರಬದ ಕ್ಯಾಸನೂರು ಕಾಡಿನಿಂದ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಏನಾಯಿತು ಅಂತ ಆ ಕಡೆಯವರನ್ನು ಕೇಳಿ. ಮೈಗೆ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವವರು ನಾವು. ಆಗ ಆಡಿಸಬೇಕಿತ್ತು ಅಂತ ನಾನು ಹೇಳಲೇ ಇಲ್ಲ. ಆಮೇಲೆ ವರ್ಷ ವಾಪಸ್ ಕೊಡಬೇಕಿತ್ತು ಅಂದೆ. ವ್ಯತ್ಯಾಸ ಇದೆ ಅಲ್ವಾ?

"ವಯಸ್ಸು ಸಡಿಲ ಮಾಡಿದರೆ ದೊಡ್ಡವರು ಬಂದು ಚಿಕ್ಕವರನ್ನು ಗುದ್ದುತ್ತಾರೆ" ಅಂತ ಒಬ್ಬರು. ಅಯ್ಯೋ, ಈಗೇನು ಕಮ್ಮಿಯಾ? 14 ವರ್ಷದೊಳಗಿನ ಟೂರ್ನಿಗೆ ಬೆಳಿಗ್ಗೆ ಶೇವಿಂಗ್ ಮಾಡಿಕೊಂಡು ಬರುವವರನ್ನು ನಾನು ನೋಡಿದ್ದೇನೆ. ತಾರೀಖು ತಿದ್ದಿಸಿದವರಿಗೆ ಕೊರೊನಾದಲ್ಲೂ ವಯಸ್ಸಾಗಲಿಲ್ಲ. ಸರಿಯಾದ ತಾರೀಖು ಬರೆಸಿದ್ದ ಅಪ್ಪನ ಮಗ ಮನೆಗೆ ಹೋದ.

"2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಗೆದ್ದಿಲ್ವಾ, 54 ವರ್ಷ ಆದ ಮೇಲೆ? ಆಟ ಹಾಳಾಗಿದ್ದರೆ ಗೆಲ್ತಿದ್ರಾ?" ಅಂತ ಮತ್ತೊಬ್ಬರು. ರಾಜ್ಯ ರಾಜ್ಯಗಳ ಫುಟ್ಬಾಲ್ ಟೂರ್ನಿ ಅದು. ಗೆದ್ದರು, ನಾನೂ ಪಟಾಕಿ ಹೊಡೆದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಪಕ್ಕದ ಮನೆ ಅಡಿಕೆಗೆ ರೇಟು ಬಂದರೆ ನಮ್ಮ ತೋಟದ ಕೊಳೆರೋಗ ವಾಸಿಯಾಗುತ್ತದಾ?

ಇನ್ನೂ ಮೂರು ಪಾಯಿಂಟ್ ಬರೆದಿದ್ದೆ. ಚೀಟಿ ಎಲ್ಲಿ ಹೋಯಿತು? ಹಾಂ, ಇದು ದಿನಸಿ ಚೀಟಿ. ಇರಲಿ, ಪಾಯಿಂಟ್ ಏನೇ ಇದ್ದರೂ ಕೊನೆಗೆ ಹೇಳುವುದು ಅದೇ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬರೆದಿಟ್ಟುಕೊಳ್ಳಿ. ಟೀ ಶರ್ಟ್ ಮೇಲೆ ಹಾಕಿಸಬೇಕು ಅಂತಿದ್ದೇನೆ. ನೂರು ಜನ ಬೇಕು ಅಂದರೆ ಪ್ರಿಂಟ್ ಮಾಡಿಸುತ್ತೇನೆ. ಎಕ್ಸ್‌ಎಲ್ ಸೈಜ್ ಜಾಸ್ತಿ ಮಾಡಿಸಬೇಕು, ನಮ್ಮ ವೀಕ್ಷಕರು ನನಗೆ ಗೊತ್ತು.

ಆ ಹುಡುಗ ಈಗ ಏನು ಮಾಡುತ್ತಾನೆ ಅಂತ ಕೇಳುತ್ತೀರಿ. ಅಡಿಕೆ ಕೊಯ್ಲಿಗೆ ಹೋಗುತ್ತಾನೆ. ಕೊನೆಗಾರ ಮರದ ಮೇಲಿಂದ ಹಗ್ಗದಲ್ಲಿ ಕೊನೆ, ಅಂದರೆ ಅಡಿಕೆ ಗೊಂಚಲು, ಬಿಡುತ್ತಾನಲ್ಲ, ಕೆಳಗೆ ಹಿಡಿಯುವವನು ಇವನು. ಹೋದ ಸಲ ನಿಂತು ನೋಡಿದೆ. ಜಾರಿ ಬರುವ ಕೊನೆಯನ್ನು ಎದೆಗೆ ಒತ್ತಿ ಹಿಡಿಯುತ್ತಾನೆ, ಮೊಣಕೈ ಒಳಗೆ, ಕಣ್ಣು ಮೇಲೆ. ಒಂದು ಅಡಿಕೆ ಉದುರುವುದಿಲ್ಲ. ಕೂಲಿ ಚೆನ್ನಾಗಿದೆ ಅನ್ನುತ್ತಾನೆ. ನಾನು ಜಾಸ್ತಿ ಮಾತಾಡಲಿಲ್ಲ.

ಕರೆಂಟ್ ಹೋಯಿತು. ಇನ್ವರ್ಟರ್ ಕೂಗುತ್ತಿದೆ, ಬೇಗ ಮುಗಿಸುತ್ತೇನೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಬೈಯುವವರೂ ಒತ್ತಿ. ಮುಂದಿನ ವಾರ ಜೋಗದ ಪಾರ್ಕಿಂಗ್.

ಮದುವೆ ಮನೆಯ ಯಜಮಾನರು ನಿನ್ನೆ ರಾತ್ರಿ ಮೆಸೇಜ್ ಮಾಡಿದ್ದಾರೆ. ಎರಡು ಕೆಜಿ ಅಪ್ಪೆಮಿಡಿ ಬೇಕಂತೆ, ಅರ್ಜೆಂಟ್, ಮಗಳು ಊರಿಗೆ ಹೊರಟಿದ್ದಾಳಂತೆ. ಖಂಡಿತ ಕಳಿಸುತ್ತೇನೆ ಯಜಮಾನರೆ. ಎರಡು ವರ್ಷ ಬಿಟ್ಟು. ಏನು ಮುಳುಗಿ ಹೋಗುತ್ತದೆ?