ಭೀಮಾ ದಂಡಿಗಿ ನಸುಕಿನ ಜಿಯೋಕ್ಯಾಶಿಂಗ್: ಹಸಿ ಚೀಟಿ ಕಿರಿಕಿರಿ

ನಮಸ್ಕಾರ್ರಿ ಎಲ್ಲಾರಿಗೂ. ಇದು ಯಾದಗಿರಿ, ಶಹಾಪುರ ರಸ್ತಾದ ಭೀಮಾ ಸೇತುವಿ ಹತ್ರ. ಈಗಷ್ಟೇ ಬೆಳಕು ಹರಿಲಕತ್ತದ, ವಿಡಿಯೋ ಮಂಜ ಮಂಜ ಕಂಡ್ರ ಅಡ್ಜಸ್ಟ್ ಮಾಡ್ಕೋರಿ. ಜಿಯೋಕ್ಯಾಶಿಂಗ್ ಆಡ್ಲಾಕ ಇಷ್ಟು ನಸುಕಿನ್ಯಾಗ ಯಾಕ ಅಂದ್ರ, ಜಿಪಿಎಸ್ ಸ್ಯಾಟಲೈಟ್ ಚಲೋ ಸಿಗ್ತಾವ ಅಂತಲ್ಲ. ಅವಕ್ಕ ಹಗಲು ರಾತ್ರಿ ಎರಡೂ ಒಂದೇ. ಬಿಸಿಲು ಏರಿತಂದ್ರ ನಮ್ಮ ಕಡಿ ಮೊಬೈಲ್ ಸ್ಕ್ರೀನೇ ಕಾಣಂಗಿಲ್ಲ, ಫೋನ್ ಕಾದು ತಾನೇ ಡಿಮ್ ಆಗ್ತದ. ಅಷ್ಟೇ ಕಾರಣ.

ಈ ಆಟ ಅಂದ್ರ ಏನು ಅಂತ ಹೊಸಬರಿಗಿ ಒಂದೇ ಉಸಿರಿನ್ಯಾಗ ಹೇಳ್ತೀನಿ. ಒಬ್ರು ಡಬ್ಬಿ ಬಚ್ಚಿಟ್ಟು ಅಕ್ಷಾಂಶ, ರೇಖಾಂಶ ಹಾಕ್ತಾರ. ಇನ್ನೊಬ್ರು ಜಿಪಿಎಸ್ ಹಿಡ್ಕೊಂಡು ಹುಡುಕಿ, ಒಳಗಿನ ಚೀಟಿ ಮ್ಯಾಲ ಹೆಸರು, ತಾರೀಖು ಬರ್ದು, ಇದ್ದಲ್ಲೇ ಇಟ್ಟು ಬರ್ತಾರ. 2000ರ ಮೇ ತನಕ ಅಮೆರಿಕಾದವ್ರು ಸಾಮಾನ್ಯ ಜನರ ಜಿಪಿಎಸ್ ಸಿಗ್ನಲ್ ಬೇಕಂತ್ಲೇ ಕೆಡಿಸಿ ಬಿಡ್ತಿದ್ರು, ನೂರು ಮೀಟರ್ ತನಕ ತಪ್ಪು ಬರ್ತಿತ್ತು. ಅದು ಬಂದ್ ಆದ ಮರುದಿನ, ಮೇ 3ಕ್ಕ, ಡೇವ್ ಅಲ್ಮರ್ ಅನ್ನಾವ್ರು ಆರಿಗನ್‌ದಾಗ ಒಂದು ಬಕೆಟ್ ಬಚ್ಚಿಟ್ರು. ಆಟ ಅಲ್ಲಿಂದ ಶುರು. ಆ ಬಕೆಟ್‌ನಾಗ ಬೀನ್ಸ್ ಡಬ್ಬಿನೂ ಇತ್ತಂತ. ಈಗ ತಿನ್ನೂ ಸಾಮಾನು ಇಡಂಗಿಲ್ಲ. ನಮ್ಮಲ್ಲಿ ಇಟ್ರ ನಾಯಿ, ಮಂಗ, ಇರುವಿ, ಮೂರರಾಗ ಒಂದು ಗ್ಯಾರಂಟಿ. ಉಪ್ಪಿನಕಾಯಿ ಡಬ್ಬಿ ತೊಳ್ದು ಇಟ್ರೂ ವಾಸನಿ ಹೋಗಂಗಿಲ್ಲ, ಅದೂ ಬ್ಯಾಡ.

ಬಚ್ಚಿಟ್ಟ ಡಬ್ಬಿಗಿ 'ಕ್ಯಾಶ್' ಅಂತಾರ; ಇವತ್ತಿಂದು ಜಿಯೋಕ್ಯಾಶಿಂಗ್ ವೆಬ್‌ಸೈಟಿನ ಪಟ್ಟಿಗಿ ಹಾಕಿದ ಕ್ಯಾಶ್ ಅಲ್ಲ, ಗೆಳೆಯರು ಪ್ರಾಕ್ಟೀಸಿಗಿ ಇಟ್ಟ ಡಬ್ಬಿ. ಸ್ಕ್ರೀನ್ ಮ್ಯಾಲ ನಂಬರ್ ನೋಡ್ರಿ: 16° 46.200, 77° 08.100. ಈ ನಂಬರ್ ಬರೀ ಉದಾಹರಣಿಗಿ ಹಾಕೀನಿ, ಅಲ್ಲಿ ಹೋಗಿ ಹುಡುಕಬ್ಯಾಡ್ರಿ ಮತ್ತ. ಡಿಗ್ರಿ ಆದಮ್ಯಾಲ ಇರೋದು ಮಿನಿಟ್. ಕೆಲವರು ಇದನ್ನ ಮ್ಯಾಪಿನ್ಯಾಗ 16.46200 ಅಂತ ಒತ್ತಿಬಿಡ್ತಾರ. ಮಿನಿಟ್‌ನ 60ರಿಂದ ಭಾಗಿಸ್ಬೇಕು. 46.200 ಅಂದ್ರ 0.77, ಹಂಗಾಗಿ 16.7700. ಭಾಗಿಸದೆ ಒತ್ತಿದ್ರ ಸುಮಾರು 34 ಕಿಲೋಮೀಟರ್ ದಕ್ಷಿಣಕ್ಕ, ಭೀಮಾ ಬಿಟ್ಟು ಕೃಷ್ಣಾ ಕಡಿ ಹೊಂಟಿರ್ತೀರಿ. ಕೊನೀ ಅಂಕಿ ಒಂದು ತಪ್ಪಿದ್ರ ಚಿಂತಿಲ್ಲ, ಎರಡು ಮೀಟರ್‌ನೂ ಆಗಂಗಿಲ್ಲ.

ಈಗ ನಡ್ಯೂದು. ಈ ಜಾಲಿ ಗಿಡ ನೋಡ್ರಿ, ಝೂಮ್ ಮಾಡೀನಿ. ಟೊಂಗಿಗಿ ಪ್ಲಾಸ್ಟಿಕ್ ಚೀಲ, ಒಣ ಹುಲ್ಲು, ಹರಕ ಅರಬಿ ಸಿಕ್ಕೊಂಡು ತೂಗಾಡ್ಲಕತ್ತಾವ. ಹೊಳಿ ಅಲ್ಲಿ ತನಕ ಬಂದಿತ್ತು ಅಂತ ಅರ್ಥ. ಮಳಿ ಇಲ್ಲೇ ಆಗ್ಬೇಕಂತಿಲ್ಲ, ಮ್ಯಾಲ ಉಜನಿ ಡ್ಯಾಂ, ಸೊನ್ನ ಬ್ಯಾರೇಜ್ ಕಡಿಂದ ನೀರು ಬಿಟ್ರ ಸಾಕು. 2020ರ ಅಕ್ಟೋಬರ್ ಪ್ರವಾಹ ನಮ್ಮ ಭಾಗದವ್ರು ಯಾರೂ ಮರ್ತಿಲ್ಲ. ಡಬ್ಬಿ ಇಡೋರು ಆ ಚೀಲದ ಗೆರಿಗಿಂತ ಮ್ಯಾಲ ಇಡ್ರಿ, ಇಲ್ಲಂದ್ರ ಅದು ರಾಯಚೂರು ದಾರಿ ಹಿಡೀತದ. ಹುಡುಕೋರೂ ಅಷ್ಟೇ, ನೀರಿನ ಅಂಚಿಗಿ ಇಳಿಬ್ಯಾಡ್ರಿ. ಚಪ್ಪಲಿ ಹಾಕ್ಕೊಂಡು ಬರಬ್ಯಾಡ್ರಿ, ಜಾಲಿ ಮುಳ್ಳು ಅಟ್ಟಿ ದಾಟಿ ಒಳಗ ಬರ್ತದ.

ಡಬ್ಬಿ ಇನ್ನ 8 ಮೀಟರ್ ದೂರ ಅದ ಅಂತ ಫೋನ್ ಅನ್ಲಕತ್ತದ. ಬಾಣ ಆ ಕಡಿ, ಈ ಕಡಿ ಕುಣಿತದ. ಇಲ್ಲಿ ಫೋನ್ ಕಿಸೇದಾಗ ಹಾಕ್ಬೇಕು. ಬಯಲಿನ್ಯಾಗೇ ಮೊಬೈಲಿಗಿ ಐದು ಮೀಟರ್ ಹೆಚ್ಚುಕಮ್ಮಿ ಇರ್ತದ, ಇಟ್ಟವ್ರ ಫೋನ್ ತಪ್ಪು ಬ್ಯಾರೆ. ಸೇತುವಿ ಬಾಜೂಕ ನಿಂತ್ರ ಸಿಗ್ನಲ್ ಕಾಂಕ್ರೀಟಿಗಿ ಬಡ್ದು ಬರ್ತದ, ಇನ್ನೂ ದೂರ ತೋರಿಸ್ತದ. ಕೈಯಾಗ ಹಿಡಿಯೂ ಬ್ಯಾರೆ ಜಿಪಿಎಸ್ ಮಷೀನ್ ಬೇಕೇನು ಅಂತ ಕೇಳ್ತಿರ್ತೀರಿ. ದುಡ್ಡು ದಂಡ, ಬ್ಯಾಡ. ಆದ್ರ, ದಿನಪೂರ್ತಿ ತಿರುಗೋರಿದ್ರ ಬ್ಯಾಟರಿ ಸಲುವಾಗಿ ತಗೋಬಹುದು. ಮಳಿಗಾಲದಾಗ ಹಸಿ ಕೈಲೆ ಬಟನ್ ಒತ್ತಲಾಕನೂ ಬರ್ತದ. ಹೂಂ, ಅಂಥವ್ರಿಗಿ ಇದ್ರ ಚಲೋನೇ.

ಕಣ್ಣು ಏನು ಹುಡುಕ್ಬೇಕು ಅಂದ್ರ, ತಾನಾಗೇ ಆಗಿರ್ಲಾರದ್ದು. ಒಂದೇ ಸೈಜಿನ ಕಲ್ಲು ಒಟ್ಟಿದ್ದು, ಒಣಗಿದ ಟೊಂಗಿ ಸಾಲಾಗಿ ಇಟ್ಟಿದ್ದು. ನೆಲ ಅಗೀಬ್ಯಾಡ್ರಿ, ನಿಯಮದಾಗೇ ಹೂಳಂಗಿಲ್ಲ ಅಂತದ. ಸಂದಿಗಿ ಕೈ ಹಾಕೂ ಮೊದ್ಲ ಕೋಲು ಹಾಕ್ರಿ. ಹಾವು, ಚೇಳು ಎರಡಕ್ಕೂ ಇಂಥಾ ತಂಪು ಕಲ್ಲು ಪ್ರೀತಿ.

ಸಿಕ್ತು ನೋಡ್ರಿ! ನಾಕೂ ಕಡಿ ಕ್ಲಿಪ್ ಇರೂ ಪಾರದರ್ಶಕ ಡಬ್ಬಿ, ಅರ್ಧ ಲೀಟರಿಂದು. ಪಟ್ಟಿದಾಗ ಇದಕ್ಕ 'ಸ್ಮಾಲ್' ಅಂತಾರ: 100 ಮಿಲಿಗಿಂತ ದೊಡ್ಡದು, ಒಂದು ಲೀಟರಿಗಿಂತ ಸಣ್ಣದು. ಪಾರದರ್ಶಕ ಇರೋದೇ ಛಲೋ. ಸ್ಟೀಲ್ ಟಿಫಿನ್ ಡಬ್ಬಿ ಯಾರೂ ಇಡಬ್ಯಾಡ್ರಿ, ವಾರಸುದಾರರಿಲ್ಲದ ಟಿಫಿನ್ ಮುಟ್ಟಬ್ಯಾಡ್ರಿ ಅಂತ ಸ್ಟೇಷನ್‌ದಾಗ ಕೇಳ್ಕೋತೇ ಬೆಳೆದ ಮಂದಿ ನಾವು, ಯಾರರ ಪೊಲೀಸರಿಗಿ ಫೋನ್ ಹಚ್ಚೇ ಹಚ್ತಾರ. ಡಬ್ಬಿ ಹೊರಗ 'ಇದು ಆಟದ ಡಬ್ಬಿ' ಅಂತ ಕನ್ನಡ, ಉರ್ದು ಎರಡರಾಗೂ ಬರ್ದು ಅಂಟಿಸ್ರಿ.

ತೆಗೀತೀನಿ... ಅಯ್ಯ. ನೋಡ್ರಿ ಇದನ್ನ. ಚೀಟಿ ನೆನೆಸಿಟ್ಟ ಚುರಮರಿ ಆಗ್ಯದ.

ಮಳಿನೇ ಬಂದಿಲ್ಲ, ನೀರು ಎಲ್ಲಿಂದ ಬಂತು? ಡಬ್ಬಿ ಉಸಿರಾಡ್ತದ್ರಿ. ಹಗಲಿನ್ಯಾಗ ಕಾದು ಒಳಗಿನ ಗಾಳಿ ಹಿಗ್ಗಿ ಹೊರಗ ಹೋಗ್ತದ. ರಾತ್ರಿ ತಣ್ಣಗಾದಾಗ ಹೊಳಿ ದಂಡಿ ತ್ಯಾವದ ಗಾಳಿ ಒಳಗ ಎಳ್ಕೋತದ. ಮುಚ್ಚಳದ ಅಂಚಿಗಿ ಇಬ್ಬನಿ ನಿಂತಿದ್ರ ಅದನ್ನೂ ಎಳೀತದ. ದಿನಾ ಒಂದೊಂದು ಹನಿ ಅಂದ್ರೂ ಚೀಟಿ ಹೋತು. ಈಗ ರಬ್ಬರ್ ರಿಂಗ್ ತೆಗ್ದು ತೋರಿಸ್ತೀನಿ, ಹತ್ರ ಬರ್ರಿ. ರಿಂಗ್ ಕೂಡೂ ಸಂದಿನ್ಯಾಗ ಎರಿ ಮಣ್ಣು ಒಣಗಿ ಕುಂತದ. ಮತ್ತ ಈ ಮೂಲ್ಯಾಗ ಝಿಪ್ ಕವರಿನ ತುದಿ ಮುಚ್ಚಳದಾಗ ಸಿಕ್ಕೊಂಡದ. ಕವರ್ ತೆಳ್ಳಗ ಅದ, ಆದ್ರ ಅಷ್ಟು ಸಂದಿ ಸಾಕು. ಚೀಟಿ ಕಾಯ್ಲಿ ಅಂತ ಹಾಕಿದ ಕವರೇ ನೀರಿಗಿ ದಾರಿ ಮಾಡ್ಕೊಟ್ಟದ.

ಕಡ್ಡಿಲೆ ಮಣ್ಣು ಕೆರ್ದು, ಒಣ ಅರಬಿಲೆ ಒರಸ್ರಿ. ಕವರ್ ಡಬ್ಬಿಗಿಂತ ಒಂದು ಸೈಜ್ ಸಣ್ಣದು ತಗೋರಿ, ಗಾಳಿ ಹಿಂಡಿ ಮುಚ್ರಿ. ಶೂ ಡಬ್ಬಿದಾಗಿನ ಸಿಲಿಕಾ ಪುಡಿಕಿ ಹಾಕ್ತಾರ ಕೆಲವರು. ಅದು ಒಮ್ಮೆ ನೀರು ಕುಡಿದು ತುಂಬಿತಂದ್ರ ಮುಗೀತು, ಆಮ್ಯಾಲ ಸುಮ್ನೆ ಜಾಗ ತಿಂತದ. ಪೆನ್ ಬ್ಯಾಡ, ಜೆಲ್ ಹರೀತದ, ಬಾಲ್‌ಪೆನ್ ತ್ಯಾವದ ಕಾಗದಕ್ಕ ಹತ್ತಂಗಿಲ್ಲ. ಮೋಟು ಪೆನ್ಸಿಲ್ ಇಡ್ರಿ.

ಡಬ್ಬಿ ಇಡೂ ಮೊದ್ಲ ಮನ್ಯಾಗ ಒಂದು ಪರೀಕ್ಷಾ ಮಾಡ್ರಿ. ಒಳಗ ಟಿಶ್ಯೂ ಹಾಕಿ ಮುಚ್ಚಿ, ಒಂದು ತಾಸು ಬಿಸಿಲಿಗಿಟ್ಟು, ಕಾದ ಡಬ್ಬಿ ಹಂಗೇ ತಣ್ಣೀರ ಬಕೆಟ್‌ನಾಗ ಕಲ್ಲು ಹೇರಿ ಮುಳುಗಿಸ್ರಿ. ಒಳಗಿನ ಗಾಳಿ ಕುಗ್ಗಿ ಎಲ್ಲಿ ಸಂದಿ ಇದ್ರೂ ನೀರು ಎಳೀತದ. ಅರ್ಧ ತಾಸಿಗಿ ಟಿಶ್ಯೂ ಒಣಗಿದ್ದಂಗೇ ಇದ್ರ ಪಾಸ್. ಬರೇ ನಳದ ಕೆಳಗ ಹಿಡಿಯೂ ಪರೀಕ್ಷಾ ಪರೀಕ್ಷಾನೇ ಅಲ್ಲ.

ಸುಳಿವಿನ ಬಗ್ಗಿ ಒಂದು ಮಾತು. ವೆಬ್‌ಸೈಟಿನ್ಯಾಗ ಸುಳಿವನ್ನ 13 ಅಕ್ಷರ ಮುಂದ ಸರಿಸಿ ಮುಚ್ಚಿಟ್ಟಿರ್ತಾರ, ಎ ಇದ್ದಲ್ಲಿ ಎನ್. ಅದು ಇಂಗ್ಲಿಷ್ 26 ಅಕ್ಷರಕ್ಕಷ್ಟೇ. ಕನ್ನಡದಾಗ 'ಮೂರನೇ ಕಲ್ಲಿನ ಹಿಂದ' ಅಂತ ಬರದ್ರ ಯಾವ ಪರದಾನೂ ಇಲ್ಲದೆ ಎಲ್ಲಾರಿಗೂ ಕಾಣ್ತದ.

ಹೊಸ ಚೀಟಿ ಹಾಕಿ ಇಡ್ಲಕತ್ತೀನಿ. ಮುಚ್ಚಳ ಕೆಳಗ ಮಾಡಿ ಇಡ್ರಿ, ಆಗ ಅಂಚಿಗಿ ನೀರು ನಿಲ್ಲಂಗಿಲ್ಲ. ದನಾ ಹೊಡ್ಕೊಂಡು ಒಬ್ರು ಕಾಕಾ ಬರ್ಲಕತ್ತಾರ. "ಏನ್ ಹುಡುಕ್ಲಕತ್ತೀರಿ?" ಅಂತ ಕೇಳಿದ್ರ ಸುಳ್ಳು ಹೇಳಬ್ಯಾಡ್ರಿ, "ಆಟದ ಡಬ್ಬಿರಿ ಕಾಕಾ" ಅಂತ ತೋರಿಸ್ರಿ. ಒಮ್ಮೆ ನೋಡಿದ್ರ ಅವ್ರೇ ಕಾಯ್ತಾರ. ಬಚ್ಚಿಟ್ಟ ಮ್ಯಾಲ ಡಬ್ಬಿ ಫೋಟೋ ಹಾಕ್ರಿ, ಇಟ್ಟ ಜಾಗದ್ದು ಹಾಕಬ್ಯಾಡ್ರಿ. ಚೀಟಿ ಹಸಿ ಇತ್ತಂದ್ರ ಲಾಗ್‌ನಾಗ, ಅಂದ್ರ ಡಬ್ಬಿ ಸಿಕ್ತು ಅಂತ ವೆಬ್‌ಸೈಟಿನ್ಯಾಗ ಬರಿಯೂ ಕಡಿ, ಹಂಗಂತ ಖುಲ್ಲಾ ಬರೀರಿ, ಬರೇ 'ಥ್ಯಾಂಕ್ಸ್' ಅಂತ ಬರ್ದು ಬಿಟ್ರ ಇಟ್ಟವ್ರಿಗಿ ಗೊತ್ತಾಗೂದು ಹ್ಯಾಂಗ?